ಕಡಲಿಗೆ ಮುಖ ಮಾಡಿದ ತಾಜ್

ಮುಂಬೈನ ಅಪೊಲೊ ಬಂದರಿನಲ್ಲಿ ಕಡಲಿಗೆ ಮುಖ ಮಾಡಿ ನಿಂತಿರುವ ತಾಜ್ ಮಹಲ್ ಹೋಟೆಲ್ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಅದರ ಎದುರಿನ ಗೇಟ್‌ವೇ ಆಫ್ ಇಂಡಿಯಾ ಪೂರ್ಣಗೊಂಡದ್ದು 1924ರಲ್ಲಿ. ಹೆಬ್ಬಾಗಿಲಿಗಿಂತ ಹೋಟೆಲೇ ಹಿರಿಯದು.

ಕಟ್ಟಿಸಿದವರು ಜಮ್ಷೆಟ್‌ಜಿ ಟಾಟಾ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಕನಸು ಕಂಡವರೂ ಅವರೇ. ಆ ಕನಸು ನನಸಾಗುವ ಮೊದಲೇ, 1904ರಲ್ಲಿ ಅವರು ತೀರಿಕೊಂಡರು. ಹೋಟೆಲನ್ನು ಮಾತ್ರ ಕಣ್ತುಂಬ ಕಂಡರು.

ಸಿರಿವಂತರಿಗೆ ಹಾಸಿಗೆ ಹಾಸಿದ ಈ ಮನೆ, ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಆಸ್ಪತ್ರೆಯಾಯಿತು. 2008ರ ನವೆಂಬರ್ 26ರಂದು ಉಗ್ರರು ನುಗ್ಗಿದಾಗ, ಓಡಿಹೋಗಬಹುದಾಗಿದ್ದ ಎಷ್ಟೋ ನೌಕರರು ಅತಿಥಿಗಳನ್ನು ಕಾಯುತ್ತ ನಿಂತರು. ಕೆಲವರು ಪ್ರಾಣವನ್ನೇ ಕೊಟ್ಟರು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಉಗ್ರರೊಡನೆ ಹೋರಾಡುತ್ತ ಕೊನೆಯುಸಿರೆಳೆದದ್ದೂ ಇಲ್ಲಿಯೇ. ಸುಟ್ಟ ಗೋಡೆಗಳನ್ನು ಸರಿಪಡಿಸಿ, 2010ರ ಆಗಸ್ಟ್ 15ರಂದು ಹಳೆಯ ಕಟ್ಟಡವನ್ನು ಮತ್ತೆ ತೆರೆಯಲಾಯಿತು.

ಗುಮ್ಮಟ, ಕಮಾನುಗಳು ಕಟ್ಟಡಕ್ಕೆ ಅಂದ ಕೊಡುತ್ತವೆ. ಅದಕ್ಕೆ ಘನತೆ ಕೊಡುವುದು ಅಲ್ಲಿ ದುಡಿದವರ ಕರ್ತವ್ಯನಿಷ್ಠೆ. ನಿಮ್ಮೂರಿನಲ್ಲೂ ಹಳೆಯ ಕಟ್ಟಡವೊಂದಿದ್ದರೆ, ಅದನ್ನು ಕಟ್ಟಿದವರ, ಕಾಪಾಡಿದವರ ಕಥೆಯನ್ನು ಮಕ್ಕಳಿಗೆ ಇಂದೇ ಹೇಳಿ.