ತೋರಣ ಬಾಡಿದ್ರೆ ಬಾಡಲಿ ಬಿಡಿ

ಯುಗಾದಿಯ ಹಿಂದಿನ ದಿನ, ಏಪ್ರಿಲ್ 8, 2024



ನಾಳೆ ಯುಗಾದಿ. ಶೋಭಕೃತ್ ಸಂವತ್ಸರ ಮುಗೀತು, ಕ್ರೋಧಿ ಸಂವತ್ಸರ ಶುರು. ಇವತ್ತು ಬೆಳಗ್ಗೆಯಿಂದ ತುಂಬಾ ಜನ ಒಂದೇ ಪ್ರಶ್ನೆ ಕೇಳ್ತಿದ್ದಾರೆ. ‘ಇವತ್ತು ಸೂರ್ಯಗ್ರಹಣ ಅಂತೆ, ಹಬ್ಬಕ್ಕೆ ದೇವರ ಮನೆ ಯಾವಾಗ ತೊಳೀಬೇಕು?’ ಉತ್ತರ ಸುಲಭ. ಈ ಗ್ರಹಣ ಕಾಣೋದು ಮೆಕ್ಸಿಕೊ, ಅಮೆರಿಕ, ಕೆನಡಾ ಕಡೆ. ಅದು ನಡೆಯೋ ಹೊತ್ತಿಗೆ ನಮ್ಮಲ್ಲಿ ರಾತ್ರಿ ಆಗಿರುತ್ತೆ, ಸೂರ್ಯನೇ ಇರಲ್ಲ. ನಿಮ್ಮ ದೇವರ ಮನೆಗೂ ಅದಕ್ಕೂ ಸಂಬಂಧ ಇಲ್ಲ. ಆರಾಮಾಗಿ ತೊಳೀರಿ.

ತೊಳೆದ ಮೇಲೆ ಅಲ್ಲಿ ಏನು ಕಟ್ತೀರಿ, ಏನು ಇಡ್ತೀರಿ? ಇವತ್ತಿನ ಮಾತು ಅದರ ಬಗ್ಗೆ. ಏಪ್ರಿಲ್ 26ಕ್ಕೆ ಮಂಡ್ಯದಲ್ಲಿ ಮತದಾನ ಇದೆ, ರಾಜ್ಯದ ತುಂಬಾ ಬರ ಇದೆ, ಇದೆಲ್ಲ ಬಿಟ್ಟು ಇವನು ತೋರಣದ ಕಥೆ ಶುರು ಮಾಡಿದನಲ್ಲ ಅಂತ ಅನ್ಕೋಬೇಡಿ. ಬರ ಇದೆ ಅಂತಾನೇ ಈ ಮಾತು.

ಮಂಡ್ಯ, ಮದ್ದೂರು, ಮಳವಳ್ಳಿ. ಈ ಮೂರು ತಾಲ್ಲೂಕಿನ ಹಳ್ಳಿಗಳಲ್ಲಿ ಯುಗಾದಿಗೆ ದೇವರ ಮನೆ ಹೇಗೆ ಸಿದ್ಧ ಆಗುತ್ತೆ ಅನ್ನೋದನ್ನ ಒಂದು ಸಲ ಸಾಲಾಗಿ ನೋಡಿ. ಗೋಡೆಗೆ ಸುಣ್ಣ. ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ. ಹೊಸ್ತಿಲಿಗೆ ಅರಿಶಿನ ಕುಂಕುಮ. ಬಾಗಿಲಿಗೆ ಮಾವಿನ ಸೊಪ್ಪಿನ ತೋರಣ, ನಡುವೆ ಅಲ್ಲಲ್ಲಿ ಬೇವಿನ ಕಡ್ಡಿ. ದೇವರ ಮುಂದೆ ತಟ್ಟೆಯಲ್ಲಿ ಅಕ್ಕಿ, ಅಕ್ಕಿ ಮೇಲೆ ಕಳಶ, ಕಳಶದ ಬಾಯಿಗೆ ಮಾವಿನ ಎಲೆ, ಅದರ ಮೇಲೆ ತೆಂಗಿನಕಾಯಿ. ಪಕ್ಕದಲ್ಲಿ ಹೊಸ ಪಂಚಾಂಗ, ವೀಳ್ಯದೆಲೆ, ಬಾಳೆಹಣ್ಣು, ಹೊಸ ಬಟ್ಟೆ. ಒಂದು ಬಟ್ಟಲಲ್ಲಿ ಬೇವಿನ ಹೂವು, ಬೆಲ್ಲ. ಮನೆದೇವರು ಮಾದಪ್ಪನೇ ಇರಲಿ, ಮುತ್ತತ್ತಿರಾಯನೇ ಇರಲಿ, ಊರ ಮಾರಮ್ಮನೇ ಇರಲಿ, ಸಾಮಾನು ಹೆಚ್ಚೂಕಮ್ಮಿ ಇಷ್ಟೇ. ಪೂಜೆ ಆದ ಮೇಲೆ ನೇಗಿಲು ನೊಗ ತೊಳೆದು, ಎತ್ತಿಗೆ ಹೂವು ಕಟ್ಟಿ, ಹೊಲಕ್ಕೆ ಹೋಗಿ ಮೊದಲ ಗೆರೆ ಹೊಡೆಯೋದು. ಅದಕ್ಕೆ ಹೊನ್ನೇರು ಅಂತ ಹೆಸರು.

ಈ ಪಟ್ಟಿಯಲ್ಲಿ ದೂರದಿಂದ ತರಿಸಬೇಕಾದ್ದು ಏನಿದೆ ಹೇಳಿ? ಅಕ್ಕಿ ಕಾವೇರಿ ನಾಲೆ ಬಯಲಿನದು. ಬೆಲ್ಲ ಆಲೆಮನೆಯದು. ಕಾಯಿ ಮದ್ದೂರಿನದು, ಎಳನೀರು ಮಾರುಕಟ್ಟೆಗೆ ಇಡೀ ದೇಶದಲ್ಲಿ ಹೆಸರಾಗಿರೋ ಊರು ಅದು. ಮಾವು ಬೇವು ಹಿತ್ತಲಿಂದು, ಇಲ್ಲ ಬೇಲಿ ಪಕ್ಕದ್ದು. ಚೈತ್ರದಲ್ಲಿ ಮಾವು ಚಿಗುರುತ್ತೆ, ಬೇವು ಹೂ ಬಿಡುತ್ತೆ, ಅದಕ್ಕೇ ಅವೇ ದೇವರ ಮುಂದೆ ಬಂದಿವೆ. ಸುತ್ತಮುತ್ತ ಈ ಕಾಲಕ್ಕೆ ಏನು ಸಿಗುತ್ತೋ ಅದನ್ನ ತಂದು ದೇವರಿಗೆ ತೋರಿಸೋದು. ಯುಗಾದಿಯ ಅಲಂಕಾರ ಅಂದ್ರೆ ಇದು.

ನಮ್ಮಲ್ಲಿ ಮಾತ್ರ ಹೀಗೆ ಅಂತ ಅಲ್ಲ. ನಾಳೆ ಮಹಾರಾಷ್ಟ್ರದಲ್ಲಿ ಗುಡಿ ಪಾಡ್ವ. ಬಿದಿರು ಕೋಲಿಗೆ ಹೊಸ ಬಟ್ಟೆ, ಬೇವಿನ ಸೊಪ್ಪು, ಸಕ್ಕರೆ ಸರ ಕಟ್ಟಿ, ಮೇಲೆ ತಂಬಿಗೆ ಕವುಚಿ ಮನೆ ಮುಂದೆ ನಿಲ್ಲಿಸ್ತಾರೆ. ಇನ್ನು ಆರು ದಿನಕ್ಕೆ, ಅಂದ್ರೆ 14ಕ್ಕೆ, ಕೇರಳದಲ್ಲಿ ವಿಷು. ನಮ್ಮ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿ ಬಿಸು. ಅಲ್ಲಿ ದೇವರ ಮುಂದೆ ಕಣಿ ಇಡ್ತಾರೆ. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹಣ್ಣು, ಹೂವು, ಜೊತೆಗೆ ಒಂದು ಕನ್ನಡಿ. ಬೆಳಗ್ಗೆ ಎದ್ದು ಮೊದಲು ನೋಡಬೇಕಾದ್ದು ಅದನ್ನ. ಬೆಳೆದದ್ದರ ಪಕ್ಕದಲ್ಲೇ ನಿಮ್ಮ ಮುಖ ಕಾಣುತ್ತೆ. ಊರು ಬೇರೆ, ಭಾಷೆ ಬೇರೆ, ಪಂಚಾಂಗದ ಲೆಕ್ಕ ಬೇರೆ. ದೇವರ ಮುಂದೆ ಇಡೋದು ಮಾತ್ರ ಆಯಾ ನೆಲದ್ದು.

ಈಗ ಅಂಗಡಿ ಬೀದಿಗೆ ಬನ್ನಿ. ಪ್ಲಾಸ್ಟಿಕ್ ಮಾವಿನ ಎಲೆ. ಪ್ಲಾಸ್ಟಿಕ್ ಬಾಳೆಕಂದು. ಪಾಲಿಯೆಸ್ಟರ್ ಬಟ್ಟೆಯ ಚೆಂಡು ಹೂವಿನ ಹಾರ. ಥರ್ಮೋಕೋಲ್ ಮಂಟಪ. ಪಕ್ಕದಲ್ಲಿ ಮಿಣಮಿಣ ಅನ್ನೋ ಸೀರಿಯಲ್ ಸೆಟ್. ಬೆಂಗಳೂರಿನ ಮಾತು ಬಿಡಿ, ಮಾವಿನ ತೋಪುಗಳ ಪಕ್ಕದಲ್ಲಿರೋ ಊರಿನ ಅಂಗಡಿಯಲ್ಲೂ ಇದೇ ನೇತಾಡ್ತಿದೆ.

ತಗೊಳ್ಳೋರನ್ನ ನಾನು ಬೈಯಲ್ಲ. ಮೂರನೇ ಮಹಡಿಯ ಬಾಡಿಗೆ ಮನೆ, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಹಬ್ಬದ ಹಿಂದಿನ ದಿನ ಮನೆ ಸೇರೋದೇ ರಾತ್ರಿ ಎಂಟಕ್ಕೆ. ಹೂವಿನ ರೇಟು ಹಬ್ಬದ ದಿನ ಆಕಾಶಕ್ಕೆ ಹೋಗಿರುತ್ತೆ. ಒಂದು ಸಲ ತಗೊಂಡ್ರೆ ಐದು ವರ್ಷ ನಡೆಯುತ್ತೆ, ಧೂಳು ಒರೆಸಿ ಮತ್ತೆ ಕಟ್ಟಬಹುದು ಅಂತ ಆ ತಾಯಿ ಲೆಕ್ಕ ಹಾಕಿದ್ರೆ ಅದರಲ್ಲಿ ತಪ್ಪೇನಿದೆ? ಆ ಲೆಕ್ಕದಲ್ಲಿ ಸೇರದೇ ಉಳಿದ ಎರಡು ಮೂರು ವಿಷಯ ಇವೆ, ಅಷ್ಟೇ. ಅದನ್ನ ಮಾತ್ರ ಹೇಳ್ತೀನಿ.

ಮೊದಲನೇದು ಬೆಂಕಿ. ನಾನು ಇಂಜಿನಿಯರಿಂಗ್ ಓದಿದವನು, ಸ್ವಲ್ಪ ನಂಬರ್ ಹೇಳೋ ಚಾಳಿ ಇದೆ, ಸಹಿಸ್ಕೊಳ್ಳಿ. ಪಾಲಿಯೆಸ್ಟರ್ ಸುಮಾರು 250ರಿಂದ 260 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ಪಾಲಿಥೀನ್ ಅದಕ್ಕಿಂತ ಬೇಗ, 130 ಡಿಗ್ರಿ ಒಳಗೇ. ದೀಪದ ಜ್ವಾಲೆ ಸಾವಿರ ಡಿಗ್ರಿ ಆಸುಪಾಸು. ಹಸಿ ಮಾವಿನ ಎಲೆಗೆ ಕಿಡಿ ತಾಗಿದ್ರೆ ಮೊದಲು ಒಳಗಿನ ನೀರು ಆರಬೇಕು, ಆಮೇಲೆ ಉರಿಯೋ ಮಾತು. ಪ್ಲಾಸ್ಟಿಕ್ ಹಾರ ಹಾಗಲ್ಲ. ಅದು ಕರಗುತ್ತೆ, ಹತ್ತಿಕೊಳ್ಳುತ್ತೆ, ಉರಿಯುತ್ತಾ ಕೆಳಗೆ ತೊಟ್ಟಿಕ್ಕುತ್ತೆ. ಕೆಳಗೆ ಏನಿರುತ್ತೆ? ಎಣ್ಣೆ ದೀಪ, ಹತ್ತಿ ಬತ್ತಿ, ಕರ್ಪೂರದ ಡಬ್ಬಿ, ಮರದ ಮಂಟಪ. ಫ್ಲಾಟ್‌ಗಳಲ್ಲಿ ದೇವರ ಮನೆ ಅಂದ್ರೆ ಎಷ್ಟೋ ಕಡೆ ಅಡುಗೆ ಮನೆ ಗೋಡೆಗೆ ಹೊಡೆದ ಒಂದು ಕಪಾಟು. ಯೋಚನೆ ಮಾಡಿ.

ಎರಡನೇದು ಕಾನೂನು. ಅಲಂಕಾರಕ್ಕೆ ಥರ್ಮೋಕೋಲ್ ಬಳಸೋದನ್ನ ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಮಾಡಿದೆ. ಅದಕ್ಕೂ ಮೊದಲೇ, 2016ರ ಮಾರ್ಚ್‌ನಲ್ಲಿ, ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್, ತಟ್ಟೆ ಲೋಟ ಎಲ್ಲದಕ್ಕೂ ನಿಷೇಧ ಹಾಕಿತ್ತು. ಎಂಟು ವರ್ಷ ಆಯ್ತು. ಅಂಗಡಿಯಲ್ಲಿ ಥರ್ಮೋಕೋಲ್ ಮಂಟಪ ಇನ್ನೂ ಸಿಗ್ತಿದೆ ಅಂದ್ರೆ ಆದೇಶ ಎಲ್ಲಿದೆ ಅಂತ ಅಧಿಕಾರಿಗಳನ್ನ ಕೇಳಬೇಕು. ದೇವರನ್ನ ಕೂರಿಸೋ ಮಂಟಪವೇ ನಿಷೇಧಿತ ವಸ್ತು ಆಗಿದ್ರೆ ಹೇಗೆ ಅಂತ ನಮ್ಮನ್ನ ನಾವೂ ಕೇಳ್ಕೋಬೇಕು.

ಇದೇ ಹೊತ್ತಲ್ಲಿ ವಾಟ್ಸಾಪ್‌ನಲ್ಲಿ ಇನ್ನೊಂದು ಓಡಾಡ್ತಿದೆ. ಮಾವಿನ ತೋರಣ ಕಟ್ಟಿದ್ರೆ ಮನೆ ತುಂಬಾ ಆಮ್ಲಜನಕ ಬರುತ್ತೆ, ವಿಜ್ಞಾನಿಗಳೇ ಹೇಳಿದ್ದಾರೆ ಅಂತ. ಕಿತ್ತ ಎಲೆ ಬೆಳಕಲ್ಲಿ ಸ್ವಲ್ಪ ಹೊತ್ತು ತನ್ನ ಕೆಲಸ ಮಾಡುತ್ತೆ, ನಿಜ. ಆದರೆ ಬಾಗಿಲಿಗೆ ಕಟ್ಟಿದ ಇಪ್ಪತ್ತು ಎಲೆಯಿಂದ ಮನೆಯ ಗಾಳಿ ಬದಲಾಗಲ್ಲ. ಮಾವಿನ ಎಲೆ ದಪ್ಪ, ಮೇಲೆ ಮೇಣದ ಪದರ ಇದೆ, ಅದಕ್ಕೆ ಬೇಗ ಬಾಡಲ್ಲ. ತೋರಣಕ್ಕೆ ಒಗ್ಗುತ್ತೆ. ಇಷ್ಟು ಸಾಕು. ನಮ್ಮ ಹಬ್ಬಕ್ಕೆ ಸುಳ್ಳು ವಿಜ್ಞಾನದ ಸರ್ಟಿಫಿಕೇಟ್ ಬೇಕಾಗಿಲ್ಲ.

ಮೂರನೇದು ಬೆಲ್ಲ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತೆ. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯಕ್ಕೆ ಗುರುತಿಸಿರೋದು ಬೆಲ್ಲವನ್ನ. ಆದರೆ ಅಂಗಡಿಗೆ ಹೋಗಿ ನಾವು ಏನು ಕೇಳ್ತೀವಿ? ‘ಬೆಳ್ಳಗಿರೋದು ಕೊಡಿ, ಹಳದಿ ಇರೋದು ಕೊಡಿ, ಕಪ್ಪು ಬೇಡ.’ ಕಬ್ಬಿನ ಹಾಲು ಕಾಯಿಸಿ ಗಟ್ಟಿ ಮಾಡಿದ್ರೆ ಬರೋ ಬಣ್ಣ ಕಂದು. ಹದ ನೋಡಿ ಹೊನ್ನಿನ ಬಣ್ಣ ತರೋ ಆಲೆಮನೆಯವರೂ ಇದ್ದಾರೆ. ಆದರೆ ಆ ಬಿಳುಪು ಹೆಚ್ಚಾಗಿ ಬರೋದು ಹೈಡ್ರೋಸ್‌ನಿಂದ. ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆಗಳಲ್ಲಿ ಬಳಸೋ ರಾಸಾಯನಿಕ. ಇನ್ನು ಬೆಲ್ಲಕ್ಕೆ ಸಕ್ಕರೆ ಬೆರೆಸಿದ ಸುದ್ದಿಯನ್ನ ಮಂಡ್ಯದಿಂದ ಎಷ್ಟೋ ಸಲ ನಾವೇ ಓದಿದ್ದೀವಿ.

ಇದರಲ್ಲಿ ಆಲೆಮನೆಯವರೊಬ್ಬರದೇ ತಪ್ಪಾ? ಕಪ್ಪು ಬೆಲ್ಲ ತಂದ್ರೆ ರೇಟು ಬೀಳುತ್ತೆ, ಬಣ್ಣ ಬಂದ ಬೆಲ್ಲಕ್ಕೆ ಕೊಳ್ಳೋರು ಮುಗಿಬೀಳ್ತಾರೆ. ಹಾಗಿದ್ದಾಗ ಅವರಾದ್ರೂ ಏನು ಮಾಡಬೇಕು? ಹಳೇ ಪದ್ಧತಿ ಯಾರಿಗೂ ಮರೆತಿಲ್ಲ. ಬೆಂಡೆ ಗಿಡದ ಲೋಳೆ ಹಾಕಿ ಕಲ್ಮಷ ತೆಗೆಯೋದು, ಹದವಾಗಿ ಸುಣ್ಣ ಹಾಕೋದು, ಉಕ್ಕು ಬಂದ್ರೆ ಎರಡು ಹನಿ ಎಣ್ಣೆ ಬಿಡೋದು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಶ್ವವಿದ್ಯಾಲಯದ ಬೆಲ್ಲದ ಪಾರ್ಕ್ ಇದೆ, ರಾಸಾಯನಿಕ ಇಲ್ಲದೆ ಬೆಲ್ಲ ಮಾಡೋದನ್ನ ಅಲ್ಲಿ ತೋರಿಸಿಕೊಡ್ತಾರೆ. ಗೊತ್ತಿಲ್ಲದೆ ನಿಂತಿಲ್ಲ ಆ ಕೆಲಸ. ನಾವು ಕೊಳ್ಳದೆ ನಿಂತಿದೆ.

ನಾಡಿದ್ದು ಹೊಸತೊಡಕು. ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಡೂಟಕ್ಕೆ ಕುರಿ ಯಾರ ಮನೇದು, ಏನು ಮೇಯ್ದಿದೆ, ಎಳೇದಾ ಬಲಿತದ್ದಾ ಅಂತ ಮುಟ್ಟಿ ತಟ್ಟಿ ಕೇಳ್ತೀವಿ. ತಿಂಗಳುಗಟ್ಟಲೆ ಚೀಟಿ ಕಟ್ಟಿ, ಕಣ್ಣೆದುರೇ ಗುಡ್ಡೆ ಹಾಕಿಸ್ಕೊಂಡು ಬರ್ತೀವಿ. ಅದರ ಹಿಂದಿನ ದಿನ ದೇವರ ಮುಂದೆ ಇಟ್ಟು, ಮಕ್ಕಳ ಬಾಯಿಗೆ ಮೊದಲು ಹಾಕೋ ಬೆಲ್ಲ ಎಲ್ಲಿಂದ ಬಂತು ಅಂತ ಒಂದು ಮಾತು ಕೇಳಲ್ಲ. ಕುರಿಗೆ ಕೊಟ್ಟ ಮರ್ಯಾದೆ ಬೆಲ್ಲಕ್ಕೂ ಕೊಡೋಣ.

ಈಗ ಬರದ ವಿಷಯಕ್ಕೆ ಬರ್ತೀನಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿದೆ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ, ಕಳೆದ ಮಳೆಗಾಲದಲ್ಲಿ ಅದು ತುಂಬಲೇ ಇಲ್ಲ. ಇದ್ದ ನೀರಿಗೂ ತಮಿಳುನಾಡಿನ ಜೊತೆ ಜಗಳ, ಮಂಡ್ಯದಲ್ಲಿ ಧರಣಿ, ಬಂದ್ ಎಲ್ಲ ನೋಡಿದ್ದೀರಿ. ಮದ್ದೂರು, ಮಳವಳ್ಳಿ ಕಡೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕಟ್ಟೆ ತುಂಬಿದ ವರ್ಷವೇ ಅಲ್ಲಿಗೆ ನೀರು ತಲುಪೋದು ಕಷ್ಟ, ಈ ವರ್ಷ ಕೇಳಬೇಕಾ? ಬರ ಪರಿಹಾರದ ಹಣಕ್ಕೆ ರಾಜ್ಯ ಸರ್ಕಾರ ಕೇಂದ್ರದ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದೆ. ಆ ಹಣ ಯಾವಾಗ ಬರುತ್ತೆ, ಎಷ್ಟು ಬರುತ್ತೆ ಅನ್ನೋದನ್ನ ನಾವು ದಿನಾ ಇಲ್ಲಿ ಕೂತು ಕೇಳ್ತೀವಿ, ನಾಳೆಯೂ ಕೇಳ್ತೀವಿ. ಅದು ಸರ್ಕಾರಗಳ ಕೆಲಸ. ನಿಮ್ಮ ತೋರಣ ಆ ಜಾಗ ತುಂಬಲ್ಲ, ಅಂಥ ಭ್ರಮೆ ನನಗಿಲ್ಲ.

ಆದರೆ ಇವತ್ತು ರಾತ್ರಿ, ನಾಳೆ ಬೆಳಗ್ಗೆ, ನಿಮ್ಮ ಜೇಬಿಂದ ಹೊರಗೆ ಬರೋ ನೂರು ಇನ್ನೂರು ರೂಪಾಯಿ ಎಲ್ಲಿಗೆ ಹೋಗಬೇಕು ಅನ್ನೋದು ಯಾವ ಕೋರ್ಟ್‌ನಲ್ಲೂ ಇಲ್ಲ, ನಿಮ್ಮ ಕೈಯಲ್ಲೇ ಇದೆ. ಬೋರ್‌ವೆಲ್‌ನಲ್ಲಿ ಬರೋ ಒಂದಿಷ್ಟು ನೀರಲ್ಲಿ ಕಾಲು ಎಕರೆ ಸೇವಂತಿಗೆನೋ ಕನಕಾಂಬರಾನೋ ಉಳಿಸ್ಕೊಂಡ ಹೆಣ್ಣುಮಗಳು ಬೆಳಗ್ಗೆ ನಾಲ್ಕಕ್ಕೆ ಎದ್ದು ಬುಟ್ಟಿ ಹೊತ್ತು ಸಂತೆಗೆ ಬರ್ತಾಳೆ. ಅವಳ ಹೂವು ಸಂಜೆಗೆ ಬಾಡುತ್ತೆ. ಪ್ಲಾಸ್ಟಿಕ್ ಹೂವು ಬಾಡಲ್ಲ, ಹಾಗಾಗಿ ಅದರ ವ್ಯಾಪಾರಿ ಇವತ್ತಲ್ಲ ಅಂದ್ರೆ ಗಣೇಶನ ಹಬ್ಬಕ್ಕೆ ಮಾರ್ತಾನೆ. ಅವಳಿಗೆ ಇರೋದು ಇವತ್ತೊಂದೇ ದಿನ.

ಇನ್ನೊಂದು ಮಾತು, ಬೆಂಗಳೂರಿಂದ ಊರಿಗೆ ಹೊರಟವರಿಗೆ. ಕಳೆದ ವರ್ಷ ಮಾರ್ಚ್ 12ಕ್ಕೆ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಪ್ರಧಾನಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಮಾಡಿದ್ರು. ರಸ್ತೆ ಚೆನ್ನಾಗಿದೆ, ಬೇಗ ಹೋಗ್ತೀವಿ. ಆದರೆ ಮದ್ದೂರಿಗೂ ಬೈಪಾಸ್, ಮಂಡ್ಯಕ್ಕೂ ಬೈಪಾಸ್. ಮದ್ದೂರು ವಡೆ, ಎಳನೀರು, ಹೂವು, ಹಣ್ಣು ಅಂತ ರಸ್ತೆ ಬದಿ ಬದುಕಿದ್ದವರ ಮುಂದೆ ಈಗ ಕಾರೇ ನಿಲ್ಲಲ್ಲ. ಬೆಂಗಳೂರಿನ ಮಾಲ್‌ನಲ್ಲಿ ಡಬ್ಬಿ ಬೆಲ್ಲ, ಪ್ಲಾಸ್ಟಿಕ್ ತೋರಣ ತಗೊಂಡು ಮದ್ದೂರನ್ನ ಮೇಲಿಂದಲೇ ದಾಟಿ ಮದ್ದೂರಿನ ಹಳ್ಳಿಗೇ ಹಬ್ಬಕ್ಕೆ ಹೋಗೋದು ಯಾವ ಸಂಭ್ರಮ ಸ್ವಾಮಿ? ಬೈಪಾಸ್ ಇಳೀರಿ. ಹತ್ತು ನಿಮಿಷ ಹೋಗುತ್ತೆ, ಹೋಗಲಿ.

ದೊಡ್ಡ ಕೆಲಸ ಏನೂ ಹೇಳ್ತಿಲ್ಲ. ಇದ್ದ ಪ್ಲಾಸ್ಟಿಕ್ ತೋರಣ ಬಿಸಾಕಬೇಡಿ, ಸುಡಲೇಬೇಡಿ. ಅದು ಬಾಗಿಲ ಹೊರಗೆ ಇರಲಿ, ದೀಪದ ಹತ್ತಿರ ಮಾತ್ರ ಬೇಡ. ಹೊಸದು ತಗೋಬೇಡಿ. ದೇವರ ಮುಂದೆ ಒಂದು ಮಾರು ಹೂವು, ಹತ್ತು ಮಾವಿನ ಎಲೆ, ಒಂದು ಬೇವಿನ ಕಡ್ಡಿ ಸಾಕು. ಹಬ್ಬ ಮುಗಿದ ಮೇಲೆ ಅವು ಗಿಡದ ಬುಡಕ್ಕೆ ಹೋಗಲಿ. ಅಂಗಳದಲ್ಲಿ ಅಕ್ಕಿ ಹಿಟ್ಟಿನ ರಂಗೋಲಿ ಹಾಕಿದ್ರೆ ಇರುವೆಗೂ ಹಬ್ಬ. ಅಂಗಡಿಯಲ್ಲಿ ಬೆಲ್ಲ ಕೇಳುವಾಗ ‘ಕಂದು ಬಣ್ಣದ್ದು ಇದ್ಯಾ’ ಅಂತ ಬಾಯಿಬಿಟ್ಟು ಕೇಳಿ. ಹತ್ತು ಜನ ಕೇಳಿದ್ರೆ ಅಂಗಡಿಯವನು ತರಿಸ್ತಾನೆ. ನೂರು ಅಂಗಡಿಯವರು ಕೇಳಿದ್ರೆ ಆಲೆಮನೆಯಲ್ಲಿ ಹೈಡ್ರೋಸ್ ಡಬ್ಬಿ ಮುಚ್ಚುತ್ತೆ.

ಕಹಿ ಸಿಹಿ ಎರಡನ್ನೂ ಸಮನಾಗಿ ತಗೋಬೇಕು ಅಂತ ನಾಳೆ ಎಲ್ಲರೂ ಹೇಳ್ತಾರೆ. ಮಂಡ್ಯದ ರೈತ ಈ ವರ್ಷ ಕಹಿಯನ್ನ ಆಗಲೇ ಸಾಕಷ್ಟು ತಿಂದಿದ್ದಾನೆ. ಬೆಲ್ಲದ ಪಾಲಾದ್ರೂ ಅವನಿಗೆ ಸೇರಲಿ.