ಅಮೇರಿಕೆಯ ಎರಡು ನ್ಯಾಯದ ಏಣಿಗಳು

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಒಕ್ಕೂಟದ ರಾಜ್ಯಪದ್ಧತಿಯನ್ನು ಕುರಿತು ಮಾತು ಬಂದಾಗ ನಾವು ಮಂತ್ರಿಮಂಡಲ, ಶಾಸನಸಭೆ, ಕಂದಾಯದ ಪಾಲು ಇವುಗಳ ಚರ್ಚೆಯಲ್ಲಿಯೇ ಹೊತ್ತು ಕಳೆಯುವೆವು. ನ್ಯಾಯಾಲಯದ ವಿಷಯವನ್ನು ವಕೀಲರ ಪಾಲಿಗೆ ಬಿಟ್ಟುಬಿಡುವೆವು. ಆದರೆ ಒಬ್ಬನೇ ಪ್ರಜೆಯನ್ನು ಎರಡು ಸರಕಾರಗಳು ಆಳುವ ದೇಶದಲ್ಲಿ, ಅನ್ಯಾಯವಾದಾಗ ಅವನು ಯಾರ ಬಾಗಿಲನ್ನು ತಟ್ಟಬೇಕೆಂಬದು ಸಣ್ಣ ಪ್ರಶ್ನೆಯೇನು?

ನಮ್ಮಲ್ಲಿ 1950ರ ಸಂವಿಧಾನವು ಒಂದೇ ಏಣಿಯನ್ನು ನಿಲ್ಲಿಸಿತು. ಕೇಂದ್ರದ ಕಾಯಿದೆಯಾಗಲಿ ರಾಜ್ಯದ ಕಾಯಿದೆಯಾಗಲಿ, ಅದೇ ಕೆಳಗಿನ ಕೋರ್ಟು, ಅದೇ ಹೈಕೋರ್ಟು, ಮೇಲೆ ಅದೇ ಸುಪ್ರೀಂ ಕೋರ್ಟು. (ಏಣಿ ಒಂದೇ ಆದರೂ ಅದರ ನಡುವಣ ಮೆಟ್ಟಿಲು ಎಲ್ಲಿತ್ತೆಂಬದನ್ನು ನಾವು ಮರೆಯಲಾರೆವು. 1956ರ ವರೆಗೆ ಧಾರವಾಡದ ಕಕ್ಷಿಗಾರನು ಮುಂಬಯಿಗೂ, ಕಲಬುರ್ಗಿಯವನು ಹೈದರಾಬಾದಿಗೂ ಅಪೀಲಿನ ಗಂಟು ಹೊತ್ತು ಹೋಗಬೇಕಾಗಿತ್ತು.) ಅಮೇರಿಕೆಯಲ್ಲಿಯಾದರೋ ಏಣಿಗಳು ಎರಡು, ಒಂದು ಒಕ್ಕೂಟದ್ದು, ಇನ್ನೊಂದು ಆಯಾ ಸಂಸ್ಥಾನದ್ದು.

1787ರಲ್ಲಿ ರಚಿತವಾದ ಆ ದೇಶದ ಸಂವಿಧಾನವು ಹೆಸರಿಸಿದ್ದು ಒಂದೇ ಒಂದು ಸುಪ್ರೀಂ ಕೋರ್ಟನ್ನು. ಕೆಳಗಿನವುಗಳನ್ನು ಸ್ಥಾಪಿಸುವ ಭಾರವನ್ನು ಕಾಂಗ್ರೆಸ್ಸಿಗೆ ಬಿಟ್ಟಿತು. 1789ರ ಕಾಯಿದೆಯಿಂದ ಆರು ಮಂದಿ ನ್ಯಾಯಮೂರ್ತಿಗಳೂ ಹದಿಮೂರು ಜಿಲ್ಲಾ ನ್ಯಾಯಾಲಯಗಳೂ ಏರ್ಪಟ್ಟವು. ಆ ನ್ಯಾಯಮೂರ್ತಿಗಳು ರಾಜಧಾನಿಯಲ್ಲಿ ಸುಖವಾಗಿ ಕುಳಿತವರಲ್ಲ. ಕೆಟ್ಟ ದಾರಿಗಳಲ್ಲಿ ಕುದುರೆಯ ಮೇಲೆ, ಗಾಡಿಯಲ್ಲಿ ಊರೂರು ಸುತ್ತಿ ಖಟ್ಲೆಗಳನ್ನು ಕೇಳಬೇಕಾಗಿತ್ತು; ಅದಕ್ಕಾಗಿ ಅವರು ಗೊಣಗಿದ್ದೂ ಉಂಟು. 1891ರಲ್ಲಿ ನಡುವೆ ಪ್ರತ್ಯೇಕ ಅಪೀಲು ನ್ಯಾಯಾಲಯಗಳು ಹುಟ್ಟಿದವು. ಈಗ 94 ಜಿಲ್ಲಾ ನ್ಯಾಯಾಲಯಗಳು, 13 ಅಪೀಲು ನ್ಯಾಯಾಲಯಗಳು, ತುದಿಯಲ್ಲಿ ಒಂಬತ್ತು ಮಂದಿಯ ಸುಪ್ರೀಂ ಕೋರ್ಟು. ಈ ನ್ಯಾಯಾಧೀಶರನ್ನು ಅಧ್ಯಕ್ಷನು ಸೆನೇಟಿನ ಸಮ್ಮತಿಯಿಂದ ನೇಮಿಸುವನು. ಸದ್ವರ್ತನೆಯಿರುವ ವರೆಗೆ ಅವರ ಪದವಿಯೂ ಸಂಬಳವೂ ಅಬಾಧಿತ.

ಸಂಸ್ಥಾನಗಳ ಏಣಿ ಐವತ್ತು ಬಗೆಯದು. ನ್ಯೂಯಾರ್ಕಿನಲ್ಲಿ ಸುಪ್ರೀಂ ಕೋರ್ಟೆಂಬ ಹೆಸರಿನದು ಮೊದಲ ವಿಚಾರಣೆಯ ಕೋರ್ಟು. ಎಲ್ಲಕ್ಕೂ ಮೇಲಿನದರ ಹೆಸರು ಕೋರ್ಟ್ ಆಫ್ ಅಪೀಲ್ಸ್! ಅನೇಕ ಸಂಸ್ಥಾನಗಳಲ್ಲಿ ನ್ಯಾಯಾಧೀಶರು ಜನರ ಮತದಿಂದ ಆರಿಸಿ ಬರುವರು. ಮತ ಬೇಡಿದ ಕೈಯೇ ತಕ್ಕಡಿ ಹಿಡಿಯುವದು ನನಗಂತೂ ಸರಿದೋರದು. ಅಲ್ಲಿಯವರಿಗೆ ಅದು ಪ್ರಜಾಪ್ರಭುತ್ವದ ಸಹಜ ಫಲ. ಕೊಲೆ, ಕಳವು, ವಿವಾಹ, ದಾಯಭಾಗ, ಹೊಲಮನೆಗಳ ವ್ಯಾಜ್ಯ ಎಲ್ಲವೂ ಬಹುಮಟ್ಟಿಗೆ ಇಲ್ಲಿಯೇ. ದೇಶದ ಖಟ್ಲೆಗಳಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿದವು ಸಂಸ್ಥಾನದ ಕೋರ್ಟುಗಳಲ್ಲಿಯೇ ಮುಗಿಯುವವು. ಸಂಸ್ಥಾನದ ಕಾಯಿದೆಯ ಅರ್ಥವೇನೆಂಬ ವಿಷಯದಲ್ಲಿ ಅಲ್ಲಿಯ ಮೇಲಿನ ನ್ಯಾಯಾಲಯದ ಮಾತೇ ಕಡೆಯದು.

ಹಾಗಾದರೆ ಎರಡು ಏಣಿಗಳು ಎಲ್ಲಿ ಕೂಡುವವು? ತುದಿಯಲ್ಲಿ. ಸಂವಿಧಾನ, ಒಕ್ಕೂಟದ ಕಾಯಿದೆ, ಪರರಾಷ್ಟ್ರಗಳೊಡನೆ ಮಾಡಿದ ಕೌಲು, ಇವುಗಳ ಪ್ರಶ್ನೆ ಎದ್ದಾಗ ಮಾತ್ರ ಸಂಸ್ಥಾನದ ತೀರ್ಪನ್ನು ಸುಪ್ರೀಂ ಕೋರ್ಟು ಪರಿಶೀಲಿಸಬಲ್ಲದು. ಇದು ಜಗಳವಿಲ್ಲದೆ ನೆಲೆಗೊಳ್ಳಲಿಲ್ಲ. ಒಂದು ಭೂಮಿಯ ವ್ಯಾಜ್ಯದಲ್ಲಿ ವರ್ಜೀನಿಯದ ನ್ಯಾಯಾಲಯವು, ನಮ್ಮ ತೀರ್ಪನ್ನು ತಿದ್ದಲು ನಿಮಗೆ ಅಧಿಕಾರವಿಲ್ಲವೆಂದು ಎದುರು ನಿಂತಿತು. 1816ರಲ್ಲಿ ನ್ಯಾಯಮೂರ್ತಿ ಸ್ಟೋರಿಯು ಆ ವಾದವನ್ನು ತಳ್ಳಿಹಾಕಿದನು: ಸಂಸ್ಥಾನಕ್ಕೊಂದು ಅರ್ಥವಾದರೆ ಸಂವಿಧಾನವು ಒಂದಾಗಿ ಉಳಿಯದು.

ಈ ಕೂಡುದಾರಿಯ ಬೆಲೆಯನ್ನು ತೋರಿಸಿದವನು ಒಬ್ಬ ಬಡವ. 1961ರಲ್ಲಿ ಫ್ಲಾರಿಡಾ ಸಂಸ್ಥಾನದಲ್ಲಿ ಕ್ಲಾರೆನ್ಸ್ ಗಿಡಿಯನ್ ಎಂಬವನ ಮೇಲೆ ಪೂಲ್ ಆಟದ ಅಂಗಡಿಯನ್ನು ಕನ್ನಹಾಕಿದನೆಂಬ ಆರೋಪ ಬಂದಿತು. ಕೈಯಲ್ಲಿ ಕಾಸಿಲ್ಲ, ವಕೀಲನನ್ನು ಒದಗಿಸಿರೆಂದು ಬೇಡಿದನು. ಮರಣದಂಡನೆಯ ಖಟ್ಲೆಗಳಲ್ಲಿ ಹೊರತು ಅದಕ್ಕೆ ನಮ್ಮಲ್ಲಿ ಅವಕಾಶವಿಲ್ಲವೆಂದು ನ್ಯಾಯಾಧೀಶನು ನಿರಾಕರಿಸಿದನು. ತಾನೇ ವಾದಿಸಿ ಸೋತು ಐದು ವರ್ಷದ ಸೆರೆಗೆ ಹೋದನು. ಫ್ಲಾರಿಡಾದ ಸುಪ್ರೀಂ ಕೋರ್ಟೂ ಅವನ ಮೊರೆಯನ್ನು ಕೇಳಲಿಲ್ಲ. ಆಗ ಅವನು ಸೆರೆಮನೆಯ ಕಾಗದದ ಮೇಲೆ ಪೆನ್ಸಿಲಿನಿಂದ ಅರ್ಜಿ ಬರೆದು ವಾಷಿಂಗ್ಟನ್ನಿಗೆ ಕಳುಹಿದನು. ಗಟ್ಟಿ ಅರ್ಜಿಗಳೇ ಸಾವಿರಗಟ್ಟಲೆ ತಿರಸ್ಕೃತವಾಗುವಲ್ಲಿ ಇವನದು ಅಂಗೀಕೃತವಾಯಿತು! ದೊಡ್ಡ ವಕೀಲನಾದ ಏಬ್ ಫೋರ್ಟಸನನ್ನು ಕೋರ್ಟೇ ಅವನ ಪರವಾಗಿ ನೇಮಿಸಿತು. 1963ನೆಯ ಮಾರ್ಚ 18ರಂದು ಒಂಬತ್ತು ಮಂದಿಯೂ ಒಮ್ಮತದಿಂದ ತೀರ್ಪು ಕೊಟ್ಟರು: ಇಂಥ ಅಪರಾಧದ ಖಟ್ಲೆಯಲ್ಲಿ ಬಡ ಆರೋಪಿಗೆ ವಕೀಲನನ್ನು ಒದಗಿಸುವದು ಸಂಸ್ಥಾನದ ಕರ್ತವ್ಯ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗಿಡಿಯನ್ ಕಳ್ಳನೋ ಅಲ್ಲವೋ ಎಂಬದನ್ನು ಸುಪ್ರೀಂ ಕೋರ್ಟು ಮುಟ್ಟಲೇ ಇಲ್ಲ. ಅದು ಫ್ಲಾರಿಡಾದ ಕೆಲಸ. ಖಟ್ಲೆಯು ಮರಳಿ ಅದೇ ಊರಿಗೆ ಹೋಯಿತು. ಈ ಸಲ ವಕೀಲನಿದ್ದನು. ಮುಖ್ಯ ಸಾಕ್ಷಿಯನ್ನು ಅವನು ಪಾಟೀಸವಾಲಿನಲ್ಲಿ ಸಡಿಲಿಸಿದನು. ಆಗಸ್ಟ ತಿಂಗಳಲ್ಲಿ ಜೂರಿಯವರು ಆರೋಪಿಯನ್ನು ನಿರ್ದೋಷಿಯೆಂದು ಬಿಟ್ಟರು.