ಹುಲ್ಲು ಹೊದಿಕೆಯ ಮಳೆನೀರು ಚರಂಡಿ: ಹರಿವಿನ ಅಂದಾಜು



ಮಳೆನೀರು ಚರಂಡಿಯ ಕಾಮಗಾರಿ ಸಾಮಾನ್ಯ ಸಭೆಯ ಮುಂದೆ ಬಂದಾಗ ಅದರ ಉದ್ದವೂ ಮೊತ್ತವೂ ಚರ್ಚೆಯಾಗುತ್ತವೆ. ಅದರಲ್ಲಿ ಎಷ್ಟು ನೀರು ಹರಿಯಬಲ್ಲದೆಂಬ ಪ್ರಶ್ನೆ ಅಪರೂಪ. ಸಿಮೆಂಟಿನ ಚರಂಡಿಯಲ್ಲಿ ಈ ಉದಾಸೀನ ಹೇಗೋ ನಡೆದೀತು. ಹುಲ್ಲು ಬೆಳೆಸಿದ ಮಣ್ಣಿನ ಚರಂಡಿಯಲ್ಲಿ ನಡೆಯದು. ಅದರ ಸಾಮರ್ಥ್ಯ ಹುಲ್ಲಿನೊಂದಿಗೆ ಬದಲಾಗುತ್ತಿರುತ್ತದೆ.

ಮೊದಲು, ಬರುವ ನೀರಿನ ಲೆಕ್ಕ. ನೀರು ಹರಿದು ಬರುವ ಪ್ರದೇಶದ ಹೆಕ್ಟೇರ್, ಗಂಟೆಗೆ ಬೀಳುವ ಮಳೆಯ ಮಿಲಿಮೀಟರ್ ಹಾಗೂ ಇಂಗದೆ ಹರಿಯುವ ಪಾಲು, ಈ ಮೂರನ್ನು ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂಬುದು ದೊರೆಯುತ್ತದೆ. 6 ಹೆಕ್ಟೇರ್ ಹೊಲದ ಮೇಲೆ ಗಂಟೆಗೆ 60 ಮಿ.ಮೀ. ಮಳೆಯಾಗಿ, ಅದರ 0.4 ಪಾಲು ಹರಿದರೆ ಸೆಕೆಂಡಿಗೆ 0.4 ಘನ ಮೀಟರ್, ಅಂದರೆ 400 ಲೀಟರ್ ನೀರು ಬರುತ್ತದೆ.

ಅದನ್ನು ಚರಂಡಿ ಒಯ್ಯಬಲ್ಲದೇ? ತಳ 1 ಮೀಟರ್, ಆಳ ಅರ್ಧ ಮೀಟರ್, ಮೇಲಿನ ಅಗಲ 3 ಮೀಟರ್, ಇಳಿಜಾರು 200ಕ್ಕೆ 1 ಎಂದಿರಲಿ. ಮ್ಯಾನಿಂಗ್ ಸೂತ್ರದಲ್ಲಿ ಒರಟುತನಕ್ಕೊಂದು ಅಂಕಿಯಿದೆ. ಎಲ್ಲ ವ್ಯತ್ಯಾಸವೂ ಅಲ್ಲಿಂದಲೇ. ಗಿಡ್ಡ ಹುಲ್ಲಿಗೆ 0.03 ಹಿಡಿದರೆ ಈ ಚರಂಡಿ ಸೆಕೆಂಡಿಗೆ ಸುಮಾರು 1.08 ಘನ ಮೀಟರ್ ಒಯ್ಯುತ್ತದೆ. ಕತ್ತರಿಸದೆ ದಟ್ಟವಾಗಿ ಬೆಳೆದ ಹುಲ್ಲಿಗೆ 0.1 ಹಿಡಿದರೆ ಕೇವಲ 0.32. ಚರಂಡಿ ಅದೇ, ಮಳೆ ಅದೇ. ಆದರೂ ಮಿಕ್ಕ ನೀರು ಪಕ್ಕದ ರೈತರ ಹೊಲಕ್ಕೆ ನುಗ್ಗುತ್ತದೆ.

ಈ ಅಂಕಿಯೂ ಸ್ಥಿರವಲ್ಲ. ಅಮೆರಿಕದಲ್ಲಿ ರೀ ಮತ್ತು ಪಾಮರ್ 1949ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದಂತೆ, ನೀರು ತೆಳುವಾಗಿದ್ದಾಗ ಹುಲ್ಲು ನೆಟ್ಟಗೆ ನಿಂತು ತಡೆಯುತ್ತದೆ. ಪ್ರವಾಹ ಬಲವಾದಾಗ ಬಾಗಿ ಮಲಗುತ್ತದೆ, ತಡೆ ಕುಗ್ಗುತ್ತದೆ. (ಅಲ್ಲಿನವರು ಬರ್ಮುಡಾ ಹುಲ್ಲೆನ್ನುವುದು ಗಣೇಶನ ಪೂಜೆಗೆ ಏರುವ ಗರಿಕೆಯನ್ನೇ.) ಆದುದರಿಂದ ಅಂದಾಜನ್ನು ಎರಡು ಬಾರಿ ಮಾಡಬೇಕು: ನೀರು ಹಿಡಿಸುವುದೇ ಎಂಬುದನ್ನು ಎತ್ತರದ ಹುಲ್ಲಿನ ಅಂಕಿಯಿಂದ, ಮಣ್ಣು ಕೊಚ್ಚುವುದೇ ಎಂಬುದನ್ನು ಗಿಡ್ಡ ಹುಲ್ಲಿನ ಅಂಕಿಯಿಂದ. ಒಂದೇ ಅಂಕಿಯುಳ್ಳ ಅಂದಾಜುಪಟ್ಟಿಗೆ ಸಭೆ ಒಪ್ಪಿಗೆ ನೀಡುವುದು ಸರಿಯಲ್ಲ.

ಮೇಲಿನ ಉದಾಹರಣೆಯಲ್ಲಿ ಪರಿಹಾರ ದೊಡ್ಡದೇನಲ್ಲ. ಆಳವನ್ನು 10 ಸೆಂಟಿಮೀಟರ್ ಹೆಚ್ಚಿಸಿದರೆ ದಟ್ಟ ಹುಲ್ಲಿನಲ್ಲಿಯೂ 0.47 ಘನ ಮೀಟರ್ ಹರಿಯುತ್ತದೆ. ಬದಿಯ ಇಳುಕಲು ಅಷ್ಟೇ ಇರಬೇಕಾದುದರಿಂದ ಮೇಲಿನ ಅಗಲ 3.4 ಮೀಟರ್ ಆಗುತ್ತದೆ. ಆ ಹೆಚ್ಚುವರಿ ಜಾಗಕ್ಕೆ ಅಕ್ಕಪಕ್ಕದ ಹಿಡುವಳಿದಾರರ ಸಮ್ಮತಿಯನ್ನು ಕಾಮಗಾರಿಗೆ ಮುನ್ನವೇ ಪಡೆಯಬೇಕು. ಗಿಡ್ಡ ಹುಲ್ಲಿನಲ್ಲಿ ವೇಗ ಸೆಕೆಂಡಿಗೆ ಸುಮಾರು 1.2 ಮೀಟರ್, ಚೆನ್ನಾಗಿ ಬೇರೂರಿದ ಗರಿಕೆ ಅದನ್ನು ತಾಳುತ್ತದೆ, ಬರಿಯ ಮಣ್ಣು ತಾಳದು. ಆದ್ದರಿಂದ ಜೋರುಮಳೆಗೆ ಮುಂಚೆ ಹುಲ್ಲು ಹಿಡಿದಿರಬೇಕು.

ಮನೆಗಳ ಬಚ್ಚಲು ನೀರು ಸದಾ ಹರಿಯುವ ಬೀದಿಗಳಿಗೆ ಈ ಚರಂಡಿ ಸಲ್ಲದು. ಅಲ್ಲಿ ನೀರು ನಿಂತು ಸೊಳ್ಳೆಗೆ ಆಸರೆಯಾಗುತ್ತದೆ.

ಲೆಕ್ಕವನ್ನು ಸದಸ್ಯರೇ ಪರೀಕ್ಷಿಸಬಹುದು. ಮಳೆ ಸುರಿಯುವಾಗ ಚರಂಡಿಯ ನೇರ ಭಾಗದಲ್ಲಿ 10 ಮೀಟರ್ ಗುರುತಿಸಿ, ತೆಂಗಿನ ಚಿಪ್ಪೊಂದನ್ನು ತೇಲಿಬಿಟ್ಟು ಸಮಯ ನೋಡಬೇಕು. 25 ಸೆಕೆಂಡ್ ಹಿಡಿದರೆ ಮೇಲ್ಮೈ ವೇಗ 0.4 ಮೀಟರ್. ಒಳಗಿನ ನೀರು ನಿಧಾನವಾದುದರಿಂದ ಅದನ್ನು 0.8ರಿಂದ ಗುಣಿಸಿ, ನೀರಿರುವ ಅಡ್ಡಛೇದದ ವಿಸ್ತೀರ್ಣದಿಂದ ಮತ್ತೆ ಗುಣಿಸಿದರೆ ಹರಿವು ದೊರೆಯುತ್ತದೆ. ದಿನಾಂಕ, ನೀರಿನ ಆಳ ಮತ್ತು ಹುಲ್ಲಿನ ಎತ್ತರವನ್ನು ಜೊತೆಗೆ ಬರೆದು ಕಾಮಗಾರಿಯ ಕಡತದಲ್ಲಿ ಇರಿಸತಕ್ಕದ್ದು.